ಹಳದಿ ನುಂಗುವ ಕನ್ನಡಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನೊಳಗೆ ಗ್ಯಾಸ್ ಬರ್ನರು ಆಗಲೇ ಬುಸುಗುಡುತ್ತಿದೆ. ಎಲ್ಲರೂ ಟ್ಯೂಬಕ್ಕ ಎಂದು ಕರೆಯುವ ಹೆಂಗಸು ಎರಡು ಗಾಜಿನ ಕೊಳವೆಗಳ ತುದಿಯನ್ನು ನೀಲಿ ಉರಿಗೆ ಹಿಡಿದಿದ್ದಾರೆ. ಗಾಜು ಮೆತ್ತಗಾಗುತ್ತಿದ್ದಂತೆ ಉರಿಯೆಲ್ಲ ಹಳದಿಯಾಗುತ್ತದೆ. ಬೆಸುಗೆ ಎಲ್ಲಿ, ಬೆರಳೆಲ್ಲಿ, ಪೇಪರಿಗೆ ಬರೆಯಲು ಬಂದ ನನಗೊಂದೂ ಕಾಣುವುದಿಲ್ಲ.

ಕೆಲಸ ಮುಗಿಸಿ, ಒಂದು ಚೂರು ಗಾಜನ್ನು ಉರಿಗಿಟ್ಟು, ತಮ್ಮ ನಸುನೇರಳೆ ಕನ್ನಡಕ ತೆಗೆದುಕೊಡುತ್ತಾರೆ. "ಹಾಕ್ಕೊಂಡು ನೋಡಮ್ಮ."

ಹಾಕಿಕೊಳ್ಳುತ್ತೇನೆ. ಹಳದಿಯೇ ಇಲ್ಲ. ಉರಿಯ ನಡುವೆ ಗಾಜಿನ ಚೂರು ನೀರಿನಲ್ಲಿ ಮುಳುಗಿದ ಹರಳಿನಂತೆ ಕಾಣುತ್ತಿದೆ.

ಗಾಜಿನಲ್ಲಿ ಸೋಡಿಯಂ ಇರುತ್ತದೆ. ಕಾದಾಗ ಅದು ತನ್ನದೇ ಹಳದಿ ಬೆಳಕನ್ನು ಉಗುಳುತ್ತದೆ. ಕನ್ನಡಕಕ್ಕೆ ಬೆರೆಸಿದ ಧಾತುಗಳು ಸರಿಯಾಗಿ ಆ ಹಳದಿಯನ್ನೇ ನುಂಗಿ, ಮಿಕ್ಕ ಬಣ್ಣಗಳನ್ನು ಬಹುಪಾಲು ಬಿಟ್ಟುಕೊಡುತ್ತವೆ. ಒಂದೊಂದು ಧಾತುವಿಗೂ ಅದರದೇ ಬಣ್ಣಗಳು. ಅದನ್ನು ಕಾಲೇಜು ಮಕ್ಕಳಿಗೆ ತೋರಿಸುವ ಟ್ಯೂಬುಗಳೇ ಇಲ್ಲಿ ತಯಾರಾಗುವುದು. ನಿಯಾನ್ ಅನಿಲ ತುಂಬಿ ಕರೆಂಟು ಕೊಟ್ಟರೆ ಕೆಂಪು. ಪ್ರಿಸಮ್ಮಿನ ಮೂಲಕ ನೋಡಿದರೆ ಆ ಕೆಂಪೂ ಗೆರೆಗೆರೆಯಾಗಿ ಒಡೆಯುತ್ತದೆ. ಡಿಗ್ರಿ ಓದುವಾಗ ನಾನೂ ನೋಡಿದ್ದೆ.

"ಮೊದಮೊದಲು ದಿನಕ್ಕೆರಡು ಆದ್ರೆ ಹಬ್ಬ. ಈಗ ಇಪ್ಪತ್ತು ಆಗುತ್ತೆ. ಆದ್ರೆ ಮಾಡಿದ್ದು ಯಾರು ಅಂತ ಇದುವರೆಗೂ ಯಾರೂ ಕೇಳಿಲ್ಲ" ಎನ್ನುತ್ತಾರೆ ಟ್ಯೂಬಕ್ಕ.

ಪಕ್ಕದ ಬರ್ನರಿನಲ್ಲಿ ಅವರ ನಾದಿನಿ ಕೆಲಸ ಕಲಿಯುತ್ತಿದ್ದಾಳೆ. ಅವಳ ಟ್ಯೂಬುಗಳು ಬೆಸುಗೆಯಲ್ಲೇ ಸೋರುತ್ತವೆ. ಗಾಳಿ ಹೊಕ್ಕು ಬಣ್ಣ ಕೆಡುತ್ತದೆ. "ಈ ವಾರಕ್ಕೆ ಬಿಟ್ಬಿಡ್ತೀನಿ ಅತ್ತಿಗೆ. ಉರಿ ಬಿಟ್ರೆ ನಂಗೇನೂ ಕಾಣಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮಣ್ಣ ಪೇಟೆಯಿಂದ ನನ್ನದರಂಥದ್ದೇ ಕನ್ನಡಕ ತಂದುಕೊಟ್ಟಿಲ್ವೇನೆ?"

ನಾದಿನಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾಳೆ. ಅವಳ ಕನ್ನಡಕವನ್ನೂ ಕೇಳಿ ಪಡೆಯುತ್ತೇನೆ. ಅದೇ ಗಾತ್ರ, ಅದೇ ನಸುನೇರಳೆ. ಹಾಕಿಕೊಂಡು ಉರಿಯಲ್ಲಿನ ಗಾಜನ್ನು ನೋಡಿದರೆ ಕಣ್ಣಿಗೆ ರಪ್ಪನೆ ಹಳದಿ ಹೊಡೆಯುತ್ತದೆ. ಅತ್ತಿಗೆ ನಾದಿನಿಯರ ನಡುವೆ ಬಾಯಿ ಹಾಕಲು ನಾನ್ಯಾರು? ಕೊನೆಗೆ ಹೇಗೋ ಹೇಳುತ್ತೇನೆ, "ಅಕ್ಕ, ಇದರಲ್ಲಿ ಹಳದಿ ಹೋಗ್ತಾ ಇಲ್ಲ."

ಟ್ಯೂಬಕ್ಕ ಅದನ್ನು ಕಿತ್ತುಕೊಂಡು ಕಣ್ಣಿಗಿಟ್ಟು ನೋಡುತ್ತಾರೆ. ಬರಿಯ ಬಣ್ಣದ ಗಾಜು. ಎರಡು ತಿಂಗಳಿನಿಂದ ಆ ಹುಡುಗಿ ಬೆಂಕಿಯೊಳಗೆ ಕುರುಡಾಗಿ ಕೈಯಿಟ್ಟಿದ್ದಾಳೆ. ಟ್ಯೂಬಕ್ಕ ಅವಳ ಬೊಬ್ಬೆಯೆದ್ದ ಬೆರಳುಗಳನ್ನು ಹಿಡಿದು ಒಂದೊಂದಾಗಿ ನೋಡುತ್ತಾರೆ. ಆಮೇಲೆ ತಮ್ಮ ಕನ್ನಡಕವನ್ನು ತಾವೇ ಅವಳಿಗೆ ತೊಡಿಸುತ್ತಾರೆ. ಅವಳು ಒಂದು ಕೊಳವೆಯನ್ನು ಉರಿಗೆ ಹಿಡಿಯುತ್ತಾಳೆ.

"ಅಯ್ಯೋ ಅತ್ತಿಗೆ, ನೀವು ದಿನಾ ಹೀಗೆ ನೋಡ್ತಿದ್ರಾ? ನನ್ನ ಬೆರಳು ಕಾಣ್ತಿದೆ."

"ಕಾಣುತ್ತಲ್ವಾ? ಬೆಸೆ. ನಾನು ಇನ್ನೊಂದು ತರಿಸೋವರೆಗೆ ಇದು ನಿಂದೇ."

ಹೊರಡುವಾಗ ಅವರ ಫೋಟೋ ಕೇಳುತ್ತೇನೆ. ಟ್ಯೂಬಕ್ಕ ಬೇಡವೆಂದು ತಲೆಯಾಡಿಸುತ್ತಾರೆ. "ಪೇಪರಿನಲ್ಲಿ ಒಂದೇ ಮಾತು ಹಾಕಮ್ಮ, ಅವಳೂ ಓದ್ಲಿ. ನೆಲಾನೇ ಡೊಂಕಿತ್ತು."