ಮೊಮ್ಮಗಳ ಮೊಣಕೈಯೊಳಗಿನ ಬಿಳಿ ಗಂಟು

ನನ್ನ ಮೊಮ್ಮಗಳ ಬಲಗೈ ಪೂರ್ತಿ ನೆಟ್ಟಗಾಯಿತು! ಇವತ್ತು ವಿಜಯಪುರದ ದವಾಖಾನೆಯಲ್ಲಿ ಡಾಕ್ಟರಮ್ಮ "ಎತ್ತವ್ವಾ, ನೋಡೋಣು" ಅಂದರು. ಹುಡುಗಿ ಎತ್ತಿದಳು. ಎರಡು ವರ್ಷ ಕುಡುಗೋಲಿನಂತೆ ಬಾಗಿಯೇ ಇದ್ದ ಕೈ ಗೋಡೆಯ ಮೇಲಿನ ಫ್ಯಾನಿನ ಗುಂಡಿಯ ತನಕ ಹೋಯಿತು. ಆರಿಸಿದಳು, ಹಚ್ಚಿದಳು, ಮತ್ತೆ ಆರಿಸಿದಳು. ನಾನು ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಇದನ್ನು ಬರೆದಿಡದೆ ಇರಲಾರೆ, ಯಾಕೆಂದರೆ ಅದೇ ಖೋಲಿಯಲ್ಲಿ ನನಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು.

ನಮ್ಮದು ಮುದ್ದೇಬಿಹಾಳದ ಕಡೆ, ಸುಣ್ಣ ಸುಡುವ ಮನೆತನ. ಹಳ್ಳದ ಕಲ್ಲು ಆರಿಸಿ ತಂದು, ಭಟ್ಟಿಯಲ್ಲಿ ಸುಟ್ಟು, ಸಿಂದಗಿ, ಇಂಡಿ, ಬಾಗೇವಾಡಿ ಸಂತೆಗಳಿಗೆ ಒಯ್ಯುತ್ತಿದ್ದೆ. ಮೊಮ್ಮಗಳು ಕೂಸಿದ್ದಾಗ ನನ್ನ ಮಗ್ಗುಲು ಬಿಡುತ್ತಿರಲಿಲ್ಲ. ಸುಟ್ಟ ಕಲ್ಲಿಗೆ ನೀರು ಹೊಯ್ದರೆ ಬುಸುಗುಟ್ಟಿ ಒಡೆಯುತ್ತದಲ್ಲ, ಅದನ್ನು ದೂರ ಕೂತು ನೋಡಿ "ಮುತ್ಯಾ, ಕಲ್ಲು ಕುದಿಯಾಕತ್ತಾವ!" ಎಂದು ಚಪ್ಪಾಳೆ ಹೊಡೆಯುತ್ತಿದ್ದಳು.

ಒಂಬತ್ತು ವರ್ಷಕ್ಕೆ ಅವಳ ಕಣ್ಣಿನ ರೆಪ್ಪೆ ಕೆಂಪಾದವು, ಬೆರಳಿನ ಗಿಣ್ಣುಗಳ ಮೇಲೆ ಕೆಂಪು ಕಲೆ ಎದ್ದವು. ಕುಂತಲ್ಲಿಂದ ಏಳಲು ಆಗದಾಯಿತು. ಔಷಧಿ ಕೊಟ್ಟರು, ತುಸು ಸುಧಾರಿಸಿದಳು. ಹನ್ನೊಂದಕ್ಕೆ ಮೊಣಕೈಯಲ್ಲಿ ಜೋಳದ ಕಾಳಿನಷ್ಟು ಗಂಟು ಬಂತು. ಅದು ಹುಣಸೆ ಬೀಜದಷ್ಟಾಯಿತು, ಕೈ ಬಾಗಿತು. ಒಂದು ದಿನ ಗಂಟು ಒಡೆದು ಬೆಳ್ಳನೆಯ ಲೋಳೆ ಸೋರಿತು. ಸಂತೆಯಲ್ಲಿ ಸುಣ್ಣದ ನುಣುಪು ನೋಡುವ ಹಾಗೆ ನಾನು ಅದನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದೆ. ನನ್ನ ಬೆರಳು ಎಂದೂ ತಪ್ಪಿದ್ದಿಲ್ಲ.

"ಇದು ಸುಣ್ಣ ಐತಿ" ಅಂದುಬಿಟ್ಟೆ.

ಮಗ ಅಲ್ಲೇ ನಿಂತಿದ್ದ. "ಸುಣ್ಣ ಎಲ್ಲಿಂದ ಬರ್ತೈತಿ ಯಪ್ಪಾ? ನಿನ್ನ ಭಟ್ಟಿಯಿಂದ! ಕೂಸಿದ್ದಾಗಿಂದ ಮಗ್ಗಲದಾಗ ಕೂಡಿಸ್ಕೊಂಡು ಆಕಿ ಮೈಯಾಗ ತುಂಬಿದಿ!"

ಅವನ ಮಾತನ್ನು ನಾನೇ ನಂಬಿದೆ. ಮರುದಿನ ಗುದ್ದಲಿ ತೆಗೆದುಕೊಂಡು ಅಪ್ಪ ಕಟ್ಟಿದ ಭಟ್ಟಿಯನ್ನು ನನ್ನ ಕೈಯಾರೆ ಕೆಡವಿದೆ. ಎಲೆಯಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಬಿಸಾಕಿದೆ. ನನ್ನ ಮೈಯ ಸುಣ್ಣ ಅವಳಿಗೆ ಹತ್ತಬಾರದೆಂದು ನನ್ನ ತಾಟು ಹೊರಗಿನ ಕಟ್ಟೆಗೆ ಹೋಯಿತು, ನನ್ನ ಬಟ್ಟೆ ಬೇರೆ ಬುಟ್ಟಿಗೆ. ಹುಡುಗಿ ಓಡಿ ಬಂದರೆ "ದೂರ ನಿಂದ್ರವ್ವಾ" ಅನ್ನುತ್ತಿದ್ದೆ. ನಿಲ್ಲುತ್ತಿದ್ದಳು. ಆಮೇಲೆ ಓಡಿ ಬರುವುದನ್ನೇ ಬಿಟ್ಟಳು.

ಹೋದ ವರ್ಷ ಮಗ ಅವಳನ್ನು ಈ ಡಾಕ್ಟರಮ್ಮನ ಹತ್ತಿರ ತೋರಿಸತೊಡಗಿದ. ಎರಡು ತಿಂಗಳ ಹಿಂದೆ ಕೈಗೆ ಅಡ್ಡವಾಗಿದ್ದ ಗಂಟನ್ನು ತೆಗೆದರು, ದಿನಾ ವ್ಯಾಯಾಮ ಹೇಳಿಕೊಟ್ಟರು. ಇವತ್ತು ಕಾಲುವೆಗೆ ನೀರು ಬಿಡುವ ದಿನವೆಂದು ಮಗ ಆಲಮಟ್ಟಿಗೆ ಕೆಲಸಕ್ಕೆ ಹೋಗಿದ್ದ, ಸೊಸೆಗೆ ಜ್ವರ. ಹಾಗಾಗಿ ನಾನು ಹೊರಟೆ. ಬಸ್ಸಿನಲ್ಲಿ ಹುಡುಗಿಯ ಹಿಂದಿನ ಸೀಟಿನಲ್ಲಿ ಕೂತೆ.

ಕೈ ನೆಟ್ಟಗಾದದ್ದು ನೋಡಿ ಅತ್ತಮೇಲೆ ಡಾಕ್ಟರಮ್ಮನಿಗೆ ಕೈಮುಗಿದು, "ನನ್ನಿಂದ ಬಂದ ಬ್ಯಾನಿರಿ ಇದು. ನಾ ಸುಣ್ಣ ಸುಡಾಂವ" ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಯಾರ ಹೇಳಿದ್ರು ನಿಮಗ, ಅಜ್ಜಾರ? ನೋಡ್ರಿ, ಮೈ ಕಾಯಾಕ ನಮ್ಮೊಳಗ ಕಾವಲಿನವ್ರು ಇರ್ತಾರ. ಈಕಿ ಮೈಯಾಗ ಅವರು ದಿಕ್ಕು ತಪ್ಪಿ ಮನಿಯವರನ್ನ ಹೊಡದಾರ. ತೊಗಲು, ಸ್ನಾಯು ಎಲ್ಲಾ ಬಾತು, ಹಂಗ ಬಾತಲ್ಲಿ ಕ್ಯಾಲ್ಸಿಯಂ ಕುಂತು ಗಂಟಾಗೈತಿ. ಅದು ಹೊರಗಿಂದ ಹೋದದ್ದಲ್ಲ. ಉಂಡದ್ದೂ ಅಲ್ಲ, ನಿಮ್ಮ ಭಟ್ಟಿ ಧೂಳೂ ಅಲ್ಲ. ಮುಟ್ಟಿದ್ರ ಹತ್ತೂದಿಲ್ಲ. ಭಾಳ ಅಪರೂಪದ ಬ್ಯಾನಿ, ಯಾರ ತಪ್ಪೂ ಅಲ್ಲ. ಸಣ್ಣ ಗಂಟು ಇನ್ನೂ ಅದಾವ, ಹೊಸಾವೂ ಬರಬಹುದು, ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಆಮೇಲೆ ಹುಬ್ಬು ಗಂಟಿಕ್ಕಿ, "ಇದನ್ನೆಲ್ಲಾ ಹೋದ ವರ್ಷಾನ ನಿಮ್ಮ ಮಗಗ ಹೇಳೇನಲ್ರಿ? ನಿಮಗ ಹೇಳಲಿಲ್ಲೇನು?" ಅಂದರು.

ನೀರು ಬಿದ್ದ ಸುಣ್ಣದ ಕಲ್ಲಿನಂತೆ ನನ್ನ ಒಳಗು ಕುದಿಯಿತು. ಒಂದು ವರ್ಷ! ಕಟ್ಟೆಯ ಮೇಲೆ ಒಬ್ಬನೇ ಉಣ್ಣುವ ತಂದೆಯನ್ನು ದಾಟಿಕೊಂಡೇ ಮಗ ದಿನಾ ಕೆಲಸಕ್ಕೆ ಹೋಗಿದ್ದಾನೆ.

ಬರುವಾಗ ಹುಡುಗಿಯ ಪಕ್ಕದಲ್ಲೇ ಕೂತೆ. "ನಿನಗೂ ಗೊತ್ತಿತ್ತೇನವ್ವಾ?"

"ಇಲ್ಲ ಮುತ್ಯಾ" ಅಂದಳು. "ನನ್ನ ಗಂಟು ನೋಡಿ ನೀ ಹೇಸ್ತಿ ಅಂತ ತಿಳಿದಿದ್ದೆ."

ಅವಳ ನೆಟ್ಟಗಾದ ಕೈಯನ್ನು ಊರು ಬರುವ ತನಕ ಹಿಡಿದುಕೊಂಡೇ ಕೂತೆ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಿನಗೂ ಗೊತ್ತಿತ್ತೇನು ಎಂದು ಕೇಳಿದೆ. ಬಡಿಯುವ ಸದ್ದು ನಿಂತಿತು.

"ಗೊತ್ತಿತ್ರಿ" ಅಂದಳು, ತಲೆ ಎತ್ತದೆ. "ಇವತ್ತ ಹೇಳ್ತಾನ, ನಾಳಿ ಹೇಳ್ತಾನ ಅಂತ ಕಾಯ್ದೆ."

"ದಿನಾ ಕಟ್ಟಿ ಮ್ಯಾಲ ತಾಟು ತಂದು ಕೊಡಾಕಿ ನೀನ. ತಾಟಿನ ಜೋಡಿ ಒಂದು ಮಾತು ತರಾಕ ಭಾರ ಆತೇನ?"

ಅವಳು ಸೆರಗು ಕಣ್ಣಿಗೆ ಹಚ್ಚಿದಳು. ಒಳಗೆ ಮಲಗಿದ್ದ ಸೊಸೆ ಮಗ್ಗುಲು ಬದಲಿಸಿದ್ದು ಕೇಳಿಸಿತು. ಅವಳಿಗೂ ಗೊತ್ತಿತ್ತು ಅಂತ ಅಷ್ಟಕ್ಕೇ ತಿಳಿಯಿತು.

ಸಂಜೆ ಮಗ ಬಂದ. ಮಗಳ ಕೈ ನೋಡಿ ಅವಳನ್ನು ಎತ್ತಿಕೊಂಡು ಕುಣಿದ. ಆಮೇಲೆ ನನ್ನ ಮುಖ ನೋಡಿದ, ಇಳಿಸಿದ.

"ಡಾಕ್ಟರಮ್ಮ ಹೇಳಿದ ದಿನಾನ ಹೇಳಬೇಕಂತ ಬಂದಿದ್ದೆ ಯಪ್ಪಾ. ಆದ್ರ ನೀ ಭಟ್ಟಿ ಕೆಡವಿ ವರ್ಷ ಆಗಿತ್ತು. ಏನಂತ ಹೇಳ್ಲಿ?"

"'ನಾ ತಪ್ಪು ಮಾತಾಡಿದೆ' ಅಂತ ಹೇಳಬೇಕಿತ್ತು. ಭಟ್ಟಿ ಮತ್ತ ಕಟ್ಟಬಹುದಿತ್ತೋ. ಆಕಿ ಎರಡು ವರ್ಷ ನಾ ಹೇಸ್ತೇನಿ ಅಂತ ತಿಳಕೊಂಡು ಬೆಳದಾಳ. ಅದನ್ನ ಹೆಂಗ ಕಟ್ಟತಿ?"

ಅವನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ.

ಊಟದ ಹೊತ್ತಿಗೆ ಹೆಂಡತಿ ರೂಢಿಯಂತೆ ನನ್ನ ತಾಟನ್ನು ಕಟ್ಟೆಯ ಮೇಲಿಟ್ಟು, ಇವತ್ತಿನ ಮಾತು ನೆನಪಾಗಿ ಹಾಗೇ ನಿಂತಳು. ಮೊಮ್ಮಗಳು ಹೊಸ್ತಿಲಲ್ಲಿ ನಿಂತು ಬಲಗೈ ಚಾಚಿ ಆ ತಾಟನ್ನು ಒಳಗೆಳೆದುಕೊಂಡು ಅಜ್ಜಿಗೆ ಹೇಳಿದಳು: "ಆಯಿ, ಮುತ್ಯಾ ನನ್ನ ಮಗ್ಗಲಕ್ಕ ಕೂಡ್ತಾನ." ನಾನು ಒಳಗೆ ಹೋಗಿ ಅವಳ ಪಕ್ಕ ಕೂತೆ. "ಏ ಮುತ್ಯಾ, ಅತ್ತಾಗ ಸರಿ, ಜಾಗಾ ಎಲ್ಲಾ ನಿನಗ ಬೇಕೇನ?"

ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ. ಸೊಸೆಯೂ ಜ್ವರದಲ್ಲೇ ಎದ್ದು ಬಂದು ಕೂತಳು. ಮಗ ಎದುರಿಗೆ ತಲೆ ತಗ್ಗಿಸಿ ತುತ್ತು ಮುರಿಯುತ್ತಿದ್ದ. ಅವನೊಡನೆ ನಾನು ಮಾತಾಡಲಿಲ್ಲ, ಇವತ್ತು ಆಗಲಿಲ್ಲ. ಹುಡುಗಿ ತನ್ನ ರೊಟ್ಟಿ ಮುರಿದು ಅರ್ಧವನ್ನು ನನ್ನ ತಾಟಿಗೆ ಹಾಕಿದಳು, ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತು. ನಾನು ಸರಿಯಲಿಲ್ಲ. ಐದೂ ಮಂದಿ ಹಾಗೇ ಕೂತು ಉಂಡೆವು.