ಊರಮ್ಮನ ಎಲೆ ಕಾದ ಉಚ್ಚೆಂಗಮ್ಮನವರು

ಅಂಗಡಿ, ಅಕ್ಕಿ ಗಿರಣಿ, ಲಾಡ್ಜುಗಳಿಗೆ ಇಮೇಲ್ ಸೇವೆ ಒದಗಿಸಿ ಈ ಭಾಗದಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಬಂದ ದೂರುಗಳನ್ನು ಓದಿ, ಕಳ್ಳ ಪತ್ರಗಳನ್ನು ಬಾಗಿಲಲ್ಲೇ ತಡೆಯುತ್ತ, ಹೆಸರು ಬಯಸದೆ ಇಪ್ಪತ್ತೆರಡು ವರ್ಷ ಕುಳಿತವರು ಉಚ್ಚೆಂಗಮ್ಮನವರೊಬ್ಬರೇ. ಹೊಸಪೇಟೆಯ ನಮ್ಮ ಚಿಕ್ಕ ಇಮೇಲ್ ಕಂಪನಿಯ ದೂರು ವಿಭಾಗದಿಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಚೋರನೂರಿನ ಅವರ ಮನೆಯಲ್ಲಿ ಹಬ್ಬದ ದಿನ ಊಟದ ಮೊದಲ ಎಲೆ ಊರಮ್ಮ ದೇವಿಗೆ. ಯಾರೂ ಬಂದು ಕೂರದ ಆ ಎಲೆಗೆ ಬಾಲ್ಯದಲ್ಲಿ ಉಚ್ಚೆಂಗಮ್ಮನವರದೇ ಕಾವಲು. ಹೋಳಿಗೆಯ ಆವಿ ಮೇಲೇಳುವಾಗ ಯಾರೋ ಬಂದು ಕೂತಂತೆಯೇ ಅನ್ನಿಸುತ್ತಿತ್ತಂತೆ. ಕೆಲಸಕ್ಕೆ ಸೇರಿದ ಮೇಲೂ ಆ ಎಲೆಯನ್ನು ಅವರು ಮರೆಯಲಿಲ್ಲ. ಹಂಪಿಯ ಲಾಡ್ಜೊಂದರ ಅತಿಥಿ ಪುಸ್ತಕದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಊರಮ್ಮ ಎಂಬ ಇಲ್ಲದ ಅತಿಥಿಯ ಹೆಸರನ್ನೂ ಇಮೇಲ್ ವಿಳಾಸವನ್ನೂ ಬರೆದರು. ಆ ವಿಳಾಸ ಬೇರೆಲ್ಲೂ ಇರಲಿಲ್ಲ. ಅಲ್ಲಿಗೆ ಒಂದು ಪತ್ರ ಬಂದರೂ ಪುಸ್ತಕದ ವಿಳಾಸಗಳು ಕಳುವಾಗಿವೆ ಎಂದೇ ಅರ್ಥ. ಪ್ರತಿ ಬೆಳಿಗ್ಗೆ ಅವರು ಮೊದಲು ತೆರೆಯುತ್ತಿದ್ದುದು ಆ ವಿಳಾಸದ ಖಾಲಿ ಪೆಟ್ಟಿಗೆಯನ್ನು. ಕಿಟಕಿಯಾಚೆ ಜಂಬುನಾಥನ ಗುಡ್ಡ ಮಂಜಿನಲ್ಲಿ ತೇಲುತ್ತಿರುವಾಗ, ಹುಟ್ಟದ ಹೆಂಗಸೊಬ್ಬಳ ಮನೆಗೆ ಹೋಗಿ ಬಂದವರಂತೆ ಒಂದು ಗಳಿಗೆ ಅದರ ಮುಂದೆ ಕೂರುತ್ತಿದ್ದರು.

ಆರು ವರ್ಷದ ಹಿಂದೆ ಆ ಎಲೆಗೆ ಕೈ ಬಿತ್ತು. "ಪ್ರಿಯ ಊರಮ್ಮನವರೇ, ಅಗ್ಗದ ಸೈಟು ಕೊಳ್ಳಿರಿ" ಎಂಬ ಪತ್ರ ಬಂತು. ಅದು ಹೊರಟಿದ್ದು ನಮ್ಮದೇ ಸರ್ವರಿನಿಂದ. ಕಳಿಸಿದಾತ ಶಂಭುಲಿಂಗ, ವಿಳಾಸಗಳ ಪಟ್ಟಿ ಮಾರುತ್ತ, ಅವಕ್ಕೆ ಜಾಹೀರಾತು ಕಳಿಸುವವನು, ನಮ್ಮ ಕಂಪನಿಯ ಅತಿ ದೊಡ್ಡ ಗಿರಾಕಿ. ಅವನ ಸಿಹಿಮಾತಿಗೆ ಸೋತು, ವಿಚಾರಿಸದೆ ಖಾತೆ ತೆರೆದುಕೊಟ್ಟವರು ಸ್ವತಃ ಉಚ್ಚೆಂಗಮ್ಮನವರು. ಅಷ್ಟರಲ್ಲಿ ಅವನ ಕಳ್ಳ ಪತ್ರಗಳ ದೆಸೆಯಿಂದ ಹೊರಗಿನ ಇಮೇಲ್ ಕಂಪನಿಗಳು ನಮ್ಮಿಂದ ಹೋದ ಪತ್ರಗಳನ್ನೆಲ್ಲ ಕಸವೆಂದು ತಳ್ಳತೊಡಗಿದ್ದವು. ನಮ್ಮ ಇನ್ನೊಬ್ಬ ಗಿರಾಕಿ, ಕಂಪ್ಲಿಯ ಜಡೆಪ್ಪನವರು ಕಳಿಸಿದ ಅಕ್ಕಿಯ ದರಪಟ್ಟಿ ಒಬ್ಬ ವ್ಯಾಪಾರಿಗೂ ಮುಟ್ಟದೆ, ಅವರ ಗಿರಣಿ ನಿಲ್ಲುವ ಹಂತಕ್ಕೆ ಬಂದಿತ್ತು.

ಉಚ್ಚೆಂಗಮ್ಮನವರು ಶಂಭುಲಿಂಗನನ್ನು ಕರೆಸಿದರು.

"ಅಕ್ಕಾರ, ಕದ್ದ ಮಾಲಲ್ರಿ ಇದು. ಎಲ್ಲಾರೂ ಖುದ್ದು ಒಪ್ಪಿ ಕೊಟ್ಟಾರ."

"ಊರಮ್ಮನೂ?"

"ಹೂಂರಿ! ಮೊನ್ನೆ ಫೋನಿನ್ಯಾಗ ಮಾತಾಡೀನಿ. ಭಾಳ ಒಳ್ಳೆ ಹೆಣ್ಮಗಳು."

"ಲೇ ತಮ್ಮಾ, ಆಕಿ ಇನ್ನಾ ಹುಟ್ಟೇ ಇಲ್ಲ!"

ಕಚೇರಿಯೆಲ್ಲ ನಕ್ಕಿತು. ಕಂಪನಿಯ ಮಾಲೀಕರಾದ ಹೊನ್ನೂರುಸ್ವಾಮಿಯವರು ಮಾತ್ರ ನಗಲಿಲ್ಲ. "ದೊಡ್ಡ ಗಿರಾಕಿರೀ ಉಚ್ಚೆಂಗಮ್ಮ, ಬೈದು ಬಿಟ್ಟುಬಿಡ್ರಿ" ಎಂದರು. ಉಚ್ಚೆಂಗಮ್ಮನವರು ಕೊರಳಲ್ಲಿದ್ದ ಕಂಪನಿಯ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. "ಅವನ ಖಾತೆ ಇದ್ರ ನಾನಿಲ್ರಿ."

ಪಟ್ಟಿ ಮಾರುವವನು ಕಳ್ಳ. ಗೊತ್ತಿದ್ದೂ ಅವನಿಗೆ ಬಾಗಿಲು ತೆರೆದಿಡುವ ಕಂಪನಿ ಅವನಿಗಿಂತ ಕಡೆ. ನಮಗೆ ಇದನ್ನು ಮುಖಕ್ಕೆ ಹೊಡೆದಂತೆ ಕಲಿಸಿದ್ದು ಆ ಮಧ್ಯಾಹ್ನ. ಹೊನ್ನೂರುಸ್ವಾಮಿಯವರು ಮಣಿದರು, ಖಾತೆ ಮುಚ್ಚಿತು.

ಮರುದಿನ ಅವರು ಬಸ್ಸು ಹತ್ತಿ ಕಂಪ್ಲಿಗೆ ಹೋಗಿ, ಜಡೆಪ್ಪನವರ ಮುಂದೆ ನಿಂತು, "ತಪ್ಪು ನಂದ್ರಿ" ಎಂದರು. ಹನ್ನೊಂದು ದಿನ ಗಿರಣಿಯಲ್ಲೇ ಕೂತು, ಒಬ್ಬೊಬ್ಬ ವ್ಯಾಪಾರಿಗೂ ಫೋನ್ ಮಾಡಿ ದರ ಓದಿ ಹೇಳಿದರು. ಹನ್ನೆರಡನೆಯ ದಿನ ಹೊರಗಿನವರು ನಮ್ಮ ಮೇಲಿನ ತಡೆ ತೆಗೆದರು. ಗಿರಣಿ ನಿಲ್ಲಲಿಲ್ಲ.

ಈಗ ಅವರ ಕೆಲಸಕ್ಕೆ ಕಾವ್ಯ ಬಂದಿದ್ದಾರೆ. ಕಳೆದ ಸೋಮವಾರ ಊರಮ್ಮನ ಪೆಟ್ಟಿಗೆಯಲ್ಲಿ ಪತ್ರವೊಂದನ್ನು ಕಂಡು ಗಾಬರಿಯಿಂದ ತೆರೆದರು. ಬರೆದವರು ಉಚ್ಚೆಂಗಮ್ಮನವರೇ: "ತಾಯಿ, ಇಷ್ಟು ವರ್ಷ ನಿನ್ನ ಎಲೆ ಕಾದೆ. ಇನ್ಮ್ಯಾಗ ಕಾವ್ಯ ಕಾಯ್ತಾಳ. ನಾನೂ ಆಗಾಗ ಬಂದು ಕುಂದ್ರತೀನಿ."

ಅವರು ನೂರು ಕಾಲ ಬಾಳಲಿ, ಹಾಗೆ ಬಂದು ಕೂರುತ್ತಲೇ ಇರಲಿ. ಕಿಟಕಿಯ ಪಕ್ಕ ಅವರ ಕುರ್ಚಿಯನ್ನು ಖಾಲಿಯೇ ಬಿಟ್ಟಿದ್ದೇವೆ. ಅದನ್ನು ನಾವು ಕಾಯುತ್ತೇವೆ.