ತಂಬೂರಿಯ ಕುದುರೆ ಉಜ್ಜುವ ಗಂಗೆ

ಬೆಳಗಿನ ಐದೂವರೆ. ಕುಮಟಾದ ಮೀನುಪೇಟೆಗೆ ಗಾಡಿಗಳು ಬರುವ ಮೊದಲೇ ಗಂಗೆ ಕೆಲಸಕ್ಕೆ ಕೂತಿದ್ದಾರೆ. ತಂಬೂರಿಯ ತಂತಿಗಳು ಹಾದುಹೋಗುವ ಎಲುಬಿನ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದರ ಬೆನ್ನನ್ನು ಅರದಿಂದ ಒಮ್ಮೆ ಸವರಿ, ತಂತಿ ಮೀಟಿ, ಕಣ್ಣು ಮುಚ್ಚಿ ಕೇಳುತ್ತಾರೆ. ಮತ್ತೊಮ್ಮೆ ಸವರುತ್ತಾರೆ.

"ಪೇಟೆ ಎದ್ದ ಮೇಲೆ ಇದು ಕಿವಿಗೆ ಸಿಕ್ಕೂದಿಲ್ಲ" ಎನ್ನುತ್ತಾರೆ.

ಐವತ್ತು ದಾಟಿದ ಗಂಗೆಗೆ ಹಾಡಲು ಬಾರದು. ಇದು ಬಡಗಿಯಾಗಿದ್ದ ಮಾವನಿಂದ ಕಲಿತ ಕೆಲಸ; ಗಂಡ ಗಣಪ ತೀರಿಕೊಂಡ ಮೇಲೆ ಅದೇ ಬದುಕು. ಭಟ್ಕಳ, ಹೊನ್ನಾವರ, ಗೇರುಸೊಪ್ಪದಿಂದ ತಿಂಗಳಿಗೆ ಆರೇಳು ತಂಬೂರಿಗಳು ಬಸ್ಸಿನಲ್ಲಿ ಬರುತ್ತವೆ. ಉರುಳಬಾರದೆಂದು ಕಂಡಕ್ಟರುಗಳು ತಮ್ಮ ಟವೆಲ್ಲಿನಿಂದಲೇ ಅವನ್ನು ಸೀಟಿಗೆ ಕಟ್ಟಿ ತರುತ್ತಾರೆ. ಒಂದೊಂದಕ್ಕೂ ಮೂರು ಬೆಳಗು ಬೇಕು.

ಹಿಂದೂಸ್ತಾನಿ ಹಾಡಿಕೆಯಲ್ಲಿ ಘರಾಣೆ ಎಂದರೆ ಮನೆತನ. ರಾಜರ ಆಶ್ರಯದಲ್ಲಿದ್ದ ಗಾಯಕರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿದ ಹಾಡಿಕೆ, ಆಶ್ರಯ ತಪ್ಪಿದಾಗ ಊರೂರಿಗೆ ಹೊರಟಿತು. ಧಾರವಾಡಕ್ಕೆ ಬಂದು, ಘಟ್ಟ ಇಳಿದು, ಈ ಕರಾವಳಿಗೂ ಮುಟ್ಟಿತು. ಗಂಗೆ ಅದನ್ನು ಗುರುತಿಸುವುದು ಕುದುರೆಯಲ್ಲಿ. "ಕಿರಾಣಾ ಘರಾಣೆಯವ್ರಿಗೆ ನಾದ ಉದ್ದ ಬೇಕು, ಗ್ವಾಲಿಯರದವ್ರಿಗೆ ಬಿಗಿ. ನಮ್ಮ ಮಾವ ಹಂಗೇ ಹೇಳ್ತಿದ್ರು. ಆದ್ರೂ ಹಾಡೂದನ್ನ ಕೇಳದೆ ನಾ ಅರ ಮುಟ್ಟೂದಿಲ್ಲ."

ತಂಬೂರಿಯವರು ಬಂದು ಎದುರಿಗೆ ಕೂತು ಒಂದು 'ಸಾ' ಹಾಡಲೇಬೇಕು. ಈ ನೇಮ ಹುಟ್ಟಿದ್ದು ಒಂದು ತಪ್ಪಿನಿಂದ.

೧೯೯೬ರಲ್ಲಿ ಹೊನ್ನಾವರದ ಮಾಬ್ಲೇಶ್ವರ ಮಾಸ್ತರರ ತಂಬೂರಿ ಬಂದಿತ್ತು. ಬರುವುದೆಲ್ಲ ಕಿರಾಣಾದವರದ್ದೇ ಎಂಬ ರೂಢಿಯಲ್ಲಿ ಗಂಗೆ ನಾದ ಉದ್ದವಾಗುವಂತೆ ಉಜ್ಜಿ ಕಳಿಸಿದರು. ಮಾಸ್ತರರು ಗ್ವಾಲಿಯರದವರೆಂದು ತಿಳಿದಾಗ ತಡವಾಗಿತ್ತು. "ಉಜ್ಜಿದ ಎಲುಬು ಮತ್ತೆ ಬೆಳೀತದಾ? ಬೈತಾರೆ ಅಂತ ಕಾದೆ. ಅವ್ರು ಒಂದು ಮಾತೂ ಆಡ್ಲಿಲ್ಲ." ಮಾಸ್ತರರು ಇಪ್ಪತ್ತೆಂಟು ವರ್ಷ ಅದರಲ್ಲೇ ಹಾಡಿದರು, ಶಿಷ್ಯರಿಗೆ ಕಲಿಸಿದರು. ಕಳೆದ ವರ್ಷ ತೀರಿಕೊಂಡರು.

ಈಗ ಅದೇ ತಂಬೂರಿ ಗಂಗೆಯ ಮುಂದಿದೆ. ಹಳೆಯ ಕುದುರೆ ಸವೆದಿದೆ, ಹೊಸದು ಕೂತಿದೆ. ಮೊನ್ನೆ ತಂದವರು ಮಾಸ್ತರರ ಶಿಷ್ಯೆ ವಿನುತಾ. ಅವರ ಬಳಿ ಈಗ ಇಪ್ಪತ್ತು ಮಕ್ಕಳು ಕಲಿಯುತ್ತಿದ್ದಾರೆ. "ಮಾಸ್ತರು ಇದ್ದಾಗ ಹೆಂಗಿತ್ತೋ ಹಂಗೇ ಬೇಕು" ಎಂದರು.

ಗಂಗೆ ಅರ ಕೆಳಗಿಟ್ಟರು. "ಅಕ್ಕೋರೆ, ಅದು ಮಾಸ್ತರ ನಾದ ಅಲ್ಲ. ನನ್ನ ತಪ್ಪು. ಈಗ ಹಂಗೇ ಮಾಡಿದ್ರೆ ನಿಮ್ಮ ಮಕ್ಕಳಿಗೂ ಅದೇ ತಪ್ಪು ದಾಟ್ತದೆ."

ವಿನುತಾ ನಕ್ಕರು. "ಮಾಸ್ತರಿಗೆ ಮೊದಲ ದಿನವೇ ಗೊತ್ತಾಗಿತ್ತು. ವಾಪಸ್ ಕಳಿಸಿ ಅಂದೆ. 'ಗಂಡ ಹೋಗಿ ಆರು ತಿಂಗಳಾಗಿಲ್ಲ, ಈಗ ತಪ್ಪು ಅಂದ್ರೆ ಅವಳು ಮತ್ತೆ ಅರ ಹಿಡೀತಾಳಾ?' ಅಂದ್ರು. ಆಮೇಲೆ ಆ ಉದ್ದ ನಾದಕ್ಕೆ ಕಾದು ಕಾದು ಅವ್ರ ಆಲಾಪವೇ ನಿಧಾನ ಆತು. 'ಗಂಗೆ ನಂಗೆ ಕಾಯೂದು ಕಲ್ಸಿದ್ಲು' ಅಂತಿದ್ರು. ನಮಗೆ ಕಲಿಸಿದ್ದೂ ಅದನ್ನೇ."

ಗಂಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರೆ ನಿಮ್ಮ ಸಾ ಹಾಡಿ" ಎಂದರು. ವಿನುತಾರ ಸ್ವರಕ್ಕೆ ಅವಸರವಿರಲಿಲ್ಲ.

ಇಂದು ಮೂರನೆಯ ಬೆಳಗು. ಗಂಗೆ ಕೊನೆಯದಾಗಿ ಸವರಿ, ತಂತಿ ಮೀಟುತ್ತಾರೆ. ಹೊರಗೆ ಮೊದಲ ಮೀನುಗಾಡಿ ಬಂದು ನಿಲ್ಲುವವರೆಗೂ ನಾದ ಆರುವುದಿಲ್ಲ.

"ಅದೇ ಉದ್ದದ ನಾದ" ಎನ್ನುತ್ತಾರೆ. "ಈ ಸಲ ಕೇಳಿಯೇ ಮಾಡಿದ್ದು."